ಮಿಕ್ಸರ್ ತಗೊಳ್ಳೋಕೆ ಮುಂಚೆ: ಬಿ.ಎಚ್. ರಸ್ತೆಯ ರೂಮು, ಕುರುಕ್ಷೇತ್ರದ ಸ್ಟೇಜು

ಇವತ್ತಿನ ಮಾತು ಮಿಕ್ಸರ್ ಬಗ್ಗೆ. ಚಟ್ನಿ ರುಬ್ಬೋ ಮಿಕ್ಸಿ ಅಲ್ಲ, ಬೇಕರಿ ಮಿಕ್ಸ್ಚರೂ ಅಲ್ಲ. ಮೈಕಿಗೂ ಸ್ಪೀಕರ್‌ಗೂ ಮಧ್ಯೆ ಮೈತುಂಬ ನಾಬ್ ಹೊತ್ಕೊಂಡು ಕೂತಿರುತ್ತಲ್ಲ, ಆ ಡಬ್ಬಿ.

ಈ ತಿಂಗಳು ಎರಡು ಮೆಸೇಜ್ ಬಂದಿವೆ. ಒಂದು ತುಮಕೂರಿಂದ: ಬಿ.ಎಚ್. ರಸ್ತೆ ಪಕ್ಕದ ರೂಮಲ್ಲಿ ಗೆಳತಿ ಜೊತೆ ಪಾಡ್‌ಕಾಸ್ಟ್ ಶುರು ಮಾಡ್ಬೇಕು ಅಂತ. ಇನ್ನೊಂದು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಿಂದ: ಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡ್ತಿದ್ದಾರೆ. ಹೋದ ವರ್ಷ ಮೈಕು ಕುಂಯ್‌ಗುಟ್ಟಿ ಅರ್ಧ ಪದ್ಯ ಜನಕ್ಕೆ ಕೇಳಲೇ ಇಲ್ಲವಂತೆ. ಇಬ್ಬರ ಪ್ರಶ್ನೆಯೂ ಒಂದೇ, ‘ಯಾವ ಮಿಕ್ಸರ್ ತಗೋಬೇಕು?’

ಇಬ್ಬರಿಗೂ ನನ್ನ ಉತ್ತರ ಒಂದೇ: ಸದ್ಯಕ್ಕೆ ತಗೋಬೇಡಿ. ಯಾಕೆ ಅಂತ ಗೊತ್ತಾಗಬೇಕಾದ್ರೆ ಆ ಡಬ್ಬಿ ಮಾಡೋ ಕೆಲಸ ಏನು ಅಂತ ನೋಡಬೇಕು.

ಮೈಕಿನಿಂದ ಬರೋ ಕರೆಂಟು ತೀರಾ ಸಣ್ಣದು. ಮಾಮೂಲಿ ಮಾತಾಡಿದ್ರೆ ಕೆಲವೇ ಮಿಲಿವೋಲ್ಟ್, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಮುಂದಿನ ಯಂತ್ರಗಳಿಗೆ ಬೇಕಾಗಿರೋದು ಸುಮಾರು 1 ವೋಲ್ಟ್ ಲೆಕ್ಕದ ಸಿಗ್ನಲ್. ಇದನ್ನ ನೂರಾರು ಪಟ್ಟು ದೊಡ್ಡದು ಮಾಡೋ ಭಾಗಕ್ಕೆ ಪ್ರಿಆಂಪ್ ಅಂತಾರೆ. ಅದರ ಹಿಡಿತ ಇರೋದು ಪ್ರತಿ ಚಾನೆಲ್‌ನ ತುತ್ತತುದಿಯಲ್ಲಿರೋ ಗೇನ್ ನಾಬ್‌ನಲ್ಲಿ. ಅದರ ಕೆಳಗೆ ಬೇಸ್, ಟ್ರೆಬಲ್ ತಿದ್ದೋ ಈಕ್ಯೂ. ಅದರ ಕೆಳಗೆ ಆಕ್ಸ್, ಅಂದ್ರೆ ಸೌಂಡನ್ನ ಪಕ್ಕದ ದಾರಿಯಲ್ಲಿ ಬೇರೆ ಕಡೆ ಕಳಿಸೋ ನಲ್ಲಿ. ಕಡೆಯಲ್ಲಿ ಫೇಡರ್. ಚಿಕ್ಕ ಮಿಕ್ಸರ್‌ಗಳಲ್ಲಿ ಫೇಡರ್ ಬದಲು ಒಂದು ಲೆವೆಲ್ ನಾಬ್ ಇರುತ್ತೆ ಅಷ್ಟೆ.

ಗೇನ್ ಬೇರೆ, ಫೇಡರ್ ಬೇರೆ. ಹೊಸಬರು ಎಡವೋದು ಇಲ್ಲೇ, ಯಾಕಂದ್ರೆ ಎರಡೂ ತಿರುಗಿಸಿದ್ರೆ ಸೌಂಡ್ ಜಾಸ್ತಿ ಆಗುತ್ತೆ. ಗೇನ್ ಅಂದ್ರೆ ಓಪನಿಂಗ್ ಬ್ಯಾಲೆನ್ಸ್ ಇದ್ದ ಹಾಗೆ (ಬಿ.ಕಾಂ. ಓದಿದ ಅಭ್ಯಾಸ, ಬಿಡಲ್ಲ). ಅದು ತಪ್ಪಿದ್ರೆ ಮುಂದೆ ಎಷ್ಟು ಎಂಟ್ರಿ ಹಾಕಿದ್ರೂ ಲೆಕ್ಕ ಕೂಡಲ್ಲ. ಗೇನ್ ಕಡಿಮೆ ಇಟ್ಟು ಫೇಡರ್‌ನಲ್ಲಿ ಎತ್ತಿದ್ರೆ ಧ್ವನಿ ಜೊತೆಗೆ ‘ಸ್‌ಸ್‌ಸ್’ ಅನ್ನೋ ಶಬ್ದವೂ ಎದ್ದು ಬರುತ್ತೆ. ಗೇನ್ ಜಾಸ್ತಿ ಇಟ್ಟು ಫೇಡರ್ ಇಳಿಸಿದ್ರೆ ಧ್ವನಿ ಒಳಗೇ ಒಡೆದು ಹೋಗಿರುತ್ತೆ, ಆಮೇಲೆ ಎಷ್ಟು ಸಣ್ಣ ಮಾಡಿದ್ರೂ ಒಡಕು ಹೋಗಲ್ಲ.

ಗೇನ್ ಇಡೋದು ಹೀಗೆ. ಫೇಡರ್ ಪೂರ್ತಿ ಕೆಳಗೆ, ಈಕ್ಯೂ ನಾಬ್‌ಗಳೆಲ್ಲ ನೇರ ಮೇಲ್ಮುಖ. ಮಾತಾಡೋರಿಗೆ ‘ಹಲೋ ಹಲೋ, ಮೈಕ್ ಟೆಸ್ಟಿಂಗ್’ ಅನ್ನೋಕೆ ಬಿಡಬೇಡಿ. ಅವರು ಕಾರ್ಯಕ್ರಮದಲ್ಲಿ ಯಾವ ಸಾಲನ್ನ ಅತಿ ಜೋರಾಗಿ ಹೇಳ್ತಾರೋ ಅದನ್ನೇ ಹೇಳಿಸಿ. ಪಿಎಫ್‌ಎಲ್ ಬಟನ್ ಇದ್ರೆ ಒತ್ತಿ, ಮೀಟರ್ 0 ಹತ್ತಿರ ಆಡೋವರೆಗೂ ಗೇನ್ ಏರಿಸಿ. ಕೆಂಪು ದೀಪ ಹತ್ತಿದ್ರೆ ಸ್ವಲ್ಪ ಇಳಿಸಿ. ಆಮೇಲಷ್ಟೇ ಫೇಡರ್ ಮುಟ್ಟೋದು. ಕಂಪ್ಯೂಟರ್‌ಗೋ ಫೋನಿಗೋ ರೆಕಾರ್ಡ್ ಮಾಡೋದಾದ್ರೆ ಅಲ್ಲಿನ ಮೀಟರ್‌ನಲ್ಲಿ ಜೋರು ಮಾತು -12ರಿಂದ -6ರ ಒಳಗೆ ನಿಂತರೆ ಸಾಕು. 0 ಮುಟ್ಟಿತೋ, ಧ್ವನಿ ಕತ್ತರಿಸಿ ಹೋಯ್ತು ಅಂತಲೇ ಅರ್ಥ.

ಈಗ ತುಮಕೂರಿನ ರೂಮಿಗೆ ಬರೋಣ. ಇಬ್ಬರು, ಎರಡು ಮೈಕು, ಕಿಟಕಿ ಆಚೆ ಲಾರಿ. ಇವರಿಗೆ ಬೇಕಿರೋದು ಆಡಿಯೊ ಇಂಟರ್‌ಫೇಸ್, ಉದಾಹರಣೆಗೆ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತರದ್ದು. ಎರಡು ಪ್ರಿಆಂಪ್, ಎರಡು ಬೇರೆ ಬೇರೆ ಟ್ರ್ಯಾಕ್. ಒಬ್ಬರು ಕೆಮ್ಮಿದ್ರೆ ಅವರ ಟ್ರ್ಯಾಕಲ್ಲಿ ಮಾತ್ರ ಕತ್ತರಿ ಹಾಕಬಹುದು.

ಹಾಗಾದ್ರೆ ಯುಎಸ್‌ಬಿ ಇರೋ ಮಿಕ್ಸರ್ ಯಾಕೆ ಬೇಡ? ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಚಾನೆಲ್’ ಅಂತಲ್ಲ, ‘ಯುಎಸ್‌ಬಿಯಿಂದ ಎಷ್ಟು ಬೇರೆ ಬೇರೆಯಾಗಿ ಹೊರಗೆ ಬರುತ್ತೆ’ ಅಂತ. ಯಮಹಾ ಎಂಜಿ10ಎಕ್ಸ್‌ಯು ಒಳ್ಳೇ ಮಿಕ್ಸರ್, ಆದ್ರೆ ಹೆಸರಲ್ಲಿರೋ 10ರಲ್ಲಿ ಮೈಕ್ ಹಾಕೋಕೆ ಆಗೋದು 4ಕ್ಕೆ, ಯುಎಸ್‌ಬಿಯಲ್ಲಿ ಹೋಗೋದು ಬರೀ 2, ಎಡ ಮತ್ತು ಬಲ. ನಾಲ್ಕು ಜನ ಮಾತಾಡಿದ್ರೆ ನಾಲ್ವರೂ ಅದರಲ್ಲೇ ಕಲಸಿ ಹೋಗ್ತಾರೆ. ಬೆರೆಸಿದ ಚಿತ್ರಾನ್ನದಿಂದ ಅನ್ನ ಮಾತ್ರ ಆರಿಸಿದ ಹಾಗೆ, ಆಮೇಲೆ ಬೇರ್ಪಡಿಸೋಕೆ ಆಗಲ್ಲ. ಮನೆಯಲ್ಲಿ ಈಗಾಗಲೇ ಇಂಥ ಮಿಕ್ಸರ್ ಇದ್ದು ಇಬ್ಬರೇ ಮಾತಾಡೋದಾದ್ರೆ ಒಂದು ಉಪಾಯ ಇದೆ. ಒಂದು ಮೈಕಿನ ಪ್ಯಾನ್ ಪೂರ್ತಿ ಎಡಕ್ಕೆ, ಇನ್ನೊಂದರದ್ದು ಪೂರ್ತಿ ಬಲಕ್ಕೆ ತಿರುಗಿಸಿ. ಎರಡು ಟ್ರ್ಯಾಕ್ ಸಿಕ್ಕಿತು. ಎಡಿಟ್ ಮಾಡುವಾಗ ಎರಡನ್ನೂ ಮಧ್ಯಕ್ಕೆ ತಂದ್ಕೊಳ್ಳಿ, ಮರೀಬೇಡಿ.

ನಾಲ್ಕು ಮೈಕು ಬೇಕು, ಫೋನಲ್ಲಿ ಅತಿಥಿಗಳನ್ನೂ ಮಾತಾಡಿಸಬೇಕು ಅಂದಾಗ ಮಿಕ್ಸರ್ ಮಾತು ಬರುತ್ತೆ. ಅಲ್ಲೊಂದು ಸಣ್ಣ ಸೂತ್ರ ಇದೆ: ಫೋನಿನಲ್ಲಿರೋರಿಗೆ ನಿಮ್ಮೆಲ್ಲರ ಧ್ವನಿ ಹೋಗಬೇಕು, ಅವರದ್ದೇ ಧ್ವನಿ ವಾಪಸ್ ಹೋಗಬಾರದು. ಹೋದ್ರೆ ಅವರಿಗೆ ತಮ್ಮ ಮಾತೇ ಪ್ರತಿಧ್ವನಿ ತರ ಕೇಳಿಸಿ, ಮಾತು ತಡವರಿಸುತ್ತೆ. ಇದಕ್ಕೆ ಮಿಕ್ಸ್ ಮೈನಸ್ ಅಂತಾರೆ. ಆಕ್ಸ್ ಔಟನ್ನ ಫೋನಿಗೆ ಕೊಡಿ, ಎಲ್ಲಾ ಮೈಕ್ ಚಾನೆಲ್‌ಗಳ ಆಕ್ಸ್ ತೆರೀರಿ, ಫೋನ್ ಬಂದ ಚಾನೆಲ್ಲಿನ ಆಕ್ಸ್ ಮಾತ್ರ ಮುಚ್ಚಿ. ಜೂಮ್ ಪಾಡ್‌ಟ್ರ್ಯಾಕ್ ಪಿ4 ತರದ ಯಂತ್ರಗಳು ಇದನ್ನ ತಾವೇ ಮಾಡ್ಕೊಳ್ತವೆ, ನಾಲ್ಕು ಮೈಕನ್ನೂ ಎಸ್‌ಡಿ ಕಾರ್ಡ್‌ಗೆ ಬೇರೆ ಬೇರೆಯಾಗೇ ಬರೀತವೆ.

ಇನ್ನು ಲಾರಿ. ಚಾನೆಲ್ ಮೇಲೆ 80 ಅಥವಾ 100 ಹರ್ಟ್ಸ್ ಅಂತ ಬರೆದಿರೋ ಲೋ ಕಟ್ ಬಟನ್ ಇರುತ್ತೆ, ಮಾತಿಗೆ ಅದು ಯಾವಾಗಲೂ ಒತ್ತಿರಲಿ. ಎಂಜಿನ್ ಗುಡುಗು, ಫ್ಯಾನ್ ಗಾಳಿ ಬಹುಪಾಲು ಅಲ್ಲೇ ನಿಲ್ಲುತ್ತೆ. ಹಾರ್ನ್ ಮಾತ್ರ ನಿಲ್ಲಲ್ಲ, ಅದಕ್ಕೆ ಯಾವ ಬಟನ್ನೂ ಇಲ್ಲ. ಮೈಕು ಬಾಯಿಗೆ ಹತ್ತಿರ ಇರಬೇಕು, ಅಷ್ಟೆ. ದೂರ ಎರಡರಷ್ಟಾದ್ರೆ ಮೈಕಿಗೆ ಸಿಗೋ ಧ್ವನಿ 6 ಡೆಸಿಬಲ್ ಇಳಿಯುತ್ತೆ. ಈ 6ನ್ನ ನೆನಪಿಟ್ಕೊಳ್ಳಿ, ಕುಣಿಗಲ್‌ನಲ್ಲಿ ಬೇಕಾಗುತ್ತೆ.

ಬೆಲೆ ತಿಂಗಳಿಗೊಂದು ತರ ಇರುತ್ತೆ, ಅದಕ್ಕೆ ಪಾಲು ಹೇಳ್ತೀನಿ. ಕೈಯಲ್ಲಿ 10 ರೂಪಾಯಿ ಇದ್ರೆ 4 ಮೈಕಿಗೆ, 3 ಇಂಟರ್‌ಫೇಸ್‌ಗೆ, 2 ಕಿವಿ ಮುಚ್ಚೋ ಹೆಡ್‌ಫೋನ್‌ಗೆ, 1 ಸ್ಟ್ಯಾಂಡು, ಎಕ್ಸ್‌ಎಲ್‌ಆರ್ ಕೇಬಲ್‌ಗೆ. ಖಾಲಿ ಗೋಡೆಯ ರೂಮಾದ್ರೆ ಕಂಡೆನ್ಸರ್ ಮೈಕ್ ಬೇಡ, ಡೈನಾಮಿಕ್ ತಗೊಳ್ಳಿ. ಕಂಡೆನ್ಸರ್‌ಗೆ 48 ವೋಲ್ಟ್ ಫ್ಯಾಂಟಮ್ ಬೇಕು, ಜೊತೆಗೆ ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಅದು ಬಿಡಲ್ಲ.

ಈಗ ಕುರುಕ್ಷೇತ್ರ. ನಮ್ಮ ಕಡೆ ಊರ ಹಬ್ಬದ ಪೌರಾಣಿಕ ನಾಟಕ ನೋಡದವರು ಕಡಿಮೆ. ಬಾಡಿಗೆ ಡ್ರಾಮಾ ಸೀನ್ಸು, ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು, ತಬಲ, ಕ್ಯಾಸಿಯೊ. ಸ್ಟೇಜಿನ ಮುಂದುಗಡೆ ಮೇಲಿಂದ ಇಳಿಬಿಟ್ಟ ಮೂರೋ ನಾಲ್ಕೋ ಮೈಕು. ಕೃಷ್ಣ, ದುರ್ಯೋಧನ ಆಡೋರು ಆ ಪಾತ್ರಕ್ಕೆ ತಾವೇ ದುಡ್ಡು ಕೊಟ್ಟು, ತಿಂಗಳುಗಟ್ಟಲೆ ಮೇಷ್ಟ್ರ ಹತ್ರ ಮಟ್ಟು ಕಲಿತು ಬಂದಿರ್ತಾರೆ. ವರ್ಷಕ್ಕೆ ಒಂದು ರಾತ್ರಿ. ಆ ರಾತ್ರಿ ಪದ್ಯ ಕೇಳಿಸಲಿಲ್ಲ ಅಂದ್ರೆ ಆ ಮನುಷ್ಯ ಕಿರುಚೋಕೆ ಶುರು ಮಾಡ್ತಾನೆ, ನಡುರಾತ್ರಿಗೆ ಗಂಟಲು ಕಟ್ಟುತ್ತೆ, ಯುದ್ಧದ ಸೀನ್ ಬರೋ ಹೊತ್ತಿಗೆ ದುರ್ಯೋಧನನ ಬಾಯಲ್ಲಿ ಗಾಳಿ ಮಾತ್ರ.

ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಶುರುವಾದ 1884ರಲ್ಲಿ ಸ್ಟೇಜ್ ಮೇಲೆ ಮೈಕ್ ಅನ್ನೋ ಪದ್ಧತಿಯೇ ಇರಲಿಲ್ಲ. ಅದನ್ನ ದೊಡ್ಡದಾಗಿ ಬೆಳೆಸಿದ ಗುಬ್ಬಿ ವೀರಣ್ಣನವರು ಇದೇ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನ ರಂಗಕ್ಕೆ ತಂದವರು. ಅವತ್ತಿನ ನಟರಿಗೆ ಗಂಟಲೇ ಪ್ರಿಆಂಪ್. ಎಲ್ಲರೂ ಗದ್ದಲ ಮಾಡದೆ ಕೂತಿದ್ರೆ ಮಾತ್ರ ನಡೀತಿದ್ದ ಲೆಕ್ಕ ಅದು. ಇವತ್ತು ಜನರೇಟರ್, ಮಕ್ಕಳ ಪೀಪಿ, ಬೋಂಡ ಅಂಗಡಿ ಮಧ್ಯೆ ಬರೀ ಗಂಟಲಿಗೆ ಆಗಲ್ಲ.

ಮೈಕು ಕುಂಯ್ ಅನ್ನೋದು ಯಾಕೆ? ಸ್ಪೀಕರ್‌ನಿಂದ ಬಂದ ಸೌಂಡು ಮತ್ತೆ ಮೈಕಿಗೆ ನುಗ್ಗಿ, ಮತ್ತೆ ದೊಡ್ಡದಾಗಿ, ಮತ್ತೆ ನುಗ್ಗಿ, ಸುತ್ತು ಹಾಕುತ್ತೆ. ಇದು ಮಿಕ್ಸರ್ ಕೆಟ್ಟಿದೆ ಅಂತಲ್ಲ, ದೂರದ ಲೆಕ್ಕ. ಕೈಯಲ್ಲಿ ಹಿಡಿದ ಮೈಕು ಬಾಯಿಂದ 3 ಇಂಚು. ಇಳಿಬಿಟ್ಟದ್ದು 3 ಅಡಿ, ಅಂದ್ರೆ 12 ಪಟ್ಟು ದೂರ. ದೂರ ಎರಡರಷ್ಟಾದಾಗಲೆಲ್ಲ 6 ಇಳಿಸುತ್ತಾ ಹೋಗಿ, ಸುಮಾರು 22 ಡೆಸಿಬಲ್ ನಷ್ಟ. ಅದನ್ನ ತುಂಬೋಕೆ ಗೇನ್ ಎತ್ತಿದ್ರೆ ಸ್ಪೀಕರ್ ಸೌಂಡನ್ನೂ ಮೈಕು ಅಷ್ಟೇ ಆಸೆಯಿಂದ ಹೀರುತ್ತೆ.

ಇದರ ಮೇಲೆ ಇನ್ನೊಂದು ಇದೆ. ತೆರೆದಿರೋ ಮೈಕು ಒಂದರಿಂದ ಎರಡಾದ್ರೆ ಕುಂಯ್ ಅನ್ನೋಕೆ ಮುಂಚೆ ಸಿಗೋ ಸೌಂಡು 3 ಡೆಸಿಬಲ್ ಕಡಿಮೆಯಾಗುತ್ತೆ. ನಾಲ್ಕಾದ್ರೆ 6, ಎಂಟಾದ್ರೆ 9. ಅಂದ್ರೆ ‘ಇನ್ನೊಂದು ಮೈಕ್ ಹಾಕಿಸಿ’ ಅನ್ನೋ ಸಲಹೆ ಬಹಳ ಸಲ ಸಮಸ್ಯೆಯನ್ನ ಜಾಸ್ತಿ ಮಾಡುತ್ತೆ. ಮನೆಯಲ್ಲಿ ಮಿಕ್ಸರ್ ಕೆಲಸ ಧ್ವನಿ ಹಿಡಿಯೋದಾದ್ರೆ, ಬಯಲಲ್ಲಿ ಅದರ ಮುಖ್ಯ ಕೆಲಸ ಬೇಡದ ಮೈಕನ್ನ ಮುಚ್ಚೋದು.

ಅದಕ್ಕೇ ಆ ಬಳಗಕ್ಕೆ ಹೇಳಿದ್ದು: ಮಿಕ್ಸರ್ ಬಾಡಿಗೆಗೇ ಇರಲಿ, ಮೈಕ್‌ಸೆಟ್‌ನವರ ಹತ್ರ ಇರೋದೇ ಸಾಕು. ನಿಮ್ಮಲ್ಲೇ ಒಬ್ಬರು ನಾಟಕದ ಪುಸ್ತಕ ಹಿಡಿದು ಅವರ ಪಕ್ಕ ರಾತ್ರಿಯಿಡೀ ಕೂರಿ. ಮುಂದಿನ ಸೀನ್‌ನಲ್ಲಿ ಯಾರು ಯಾವ ಕಡೆಯಿಂದ ಬರ್ತಾರೆ ಅಂತ ಮೈಕ್‌ಸೆಟ್‌ನವರಿಗೆ ಗೊತ್ತಿರಲ್ಲ, ನಿಮಗೆ ಗೊತ್ತು. ಕೃಷ್ಣ, ದುರ್ಯೋಧನ ಎಡಗಡೆ ಮಾತಾಡುವಾಗ ಬಲಗಡೆಯ ಮೈಕಿನ ಫೇಡರ್ ಇಳಿಸಿ, ಎಡದ್ದನ್ನ ಎತ್ತಿ. ಪದ್ಯ ಶುರುವಾಗೋ ಮುಂಚಿನ ಮಾತು ಬಂದ ತಕ್ಷಣ ಹಾರ್ಮೋನಿಯಂ ಫೇಡರ್ ಮೇಲೆ ಬೆರಳಿರಲಿ. ಗೇನ್ ಮುಟ್ಟಬೇಡಿ, ಅದು ಸಂಜೆಯೇ ಇಟ್ಟಾಯ್ತು.

ಸ್ಪೀಕರ್ ಯಾವಾಗಲೂ ಮೈಕಿನ ಸಾಲಿಗಿಂತ ಮುಂದೆ, ಜನರ ಕಡೆ. ಸ್ಟೇಜ್ ಮೇಲೆ ನಟರಿಗೆ ಶ್ರುತಿ ಕೇಳಿಸಬೇಕು ಅಂದ್ರೆ ಒಂದು ಚಿಕ್ಕ ಮಾನಿಟರ್ ಇಟ್ಟು, ಆಕ್ಸ್‌ನಿಂದ ಹಾರ್ಮೋನಿಯಂ ಮಾತ್ರ ಕೊಡಿ, ಅವರ ಧ್ವನಿ ಬೇಡ. ಶ್ರುತಿ ಸಿಕ್ಕಿದ್ರೆ ಮನುಷ್ಯ ಕಿರುಚಲ್ಲ. ನಿರೂಪಣೆ ಮಾಡೋರು ಕೈಮೈಕಿನ ತಲೆಯನ್ನ ಮುಷ್ಟಿಯಲ್ಲಿ ಮುಚ್ಚಿ ಹಿಡೀತಾರಲ್ಲ, ಅದನ್ನ ನಿಲ್ಲಿಸಿ. ಹಿಂಬದಿಯ ಸೌಂಡ್ ತಡೆಯೋ ರಂಧ್ರಗಳೇ ಮುಚ್ಚಿ ಹೋಗಿ ಕುಂಯ್ ಶುರುವಾಗುತ್ತೆ. ನೋಡೋಕೆ ರ‍್ಯಾಪರ್ ತರ ಕಾಣಬಹುದು, ಅಷ್ಟೆ.

ಸೌಂಡಿಗಿಂತ ಮುಖ್ಯವಾದದ್ದು ಕರೆಂಟು. ಪ್ಲಗ್ ಇಲ್ಲದೆ ವೈರಿನ ತುದಿಯನ್ನ ನೇರ ಸಾಕೆಟ್ಟಿಗೆ ಹಾಕಿ ಬೆಂಕಿಕಡ್ಡಿ ತುರುಕೋದು ಎಲ್ಲರೂ ನೋಡಿರೋದೇ. ಮೂರನೇ ಪಿನ್, ಅಂದ್ರೆ ಅರ್ಥ್, ಅಲ್ಲಿ ಇರೋದೇ ಇಲ್ಲ. ಮಿಕ್ಸರ್‌ನಲ್ಲೋ ಕ್ಯಾಸಿಯೊ ಅಡಾಪ್ಟರ್‌ನಲ್ಲೋ ಕರೆಂಟ್ ಸೋರಿದ್ರೆ ಕೇಬಲ್ ಮೂಲಕ ಮೈಕಿನ ಕಬ್ಬಿಣದ ಮೈಗೆ ಬರುತ್ತೆ. ಹಿಡಿದವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ರೆ ಜೀವಕ್ಕೇ ಅಪಾಯ. ‘ಗುಂಯ್ ಅನ್ನೋ ಹಮ್ ಹೋಗುತ್ತೆ’ ಅಂತ ಅರ್ಥ್ ಪಿನ್ ಕಿತ್ತು ಹಾಕೋರೂ ಇದ್ದಾರೆ. ದಯವಿಟ್ಟು ಬೇಡ. ಹಮ್ ಹೋಗಬೇಕಾದ್ರೆ ಕ್ಯಾಸಿಯೊಗೂ ಮಿಕ್ಸರ್‌ಗೂ ಮಧ್ಯೆ ಡಿಐ ಬಾಕ್ಸ್ ಹಾಕಿ, ಅದರಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತೆ. ಸ್ಟೇಜಿನ ಎಲ್ಲಾ ಸಾಮಾನಿಗೂ ಒಂದೇ ಕಡೆಯಿಂದ ಕರೆಂಟ್, ಅದಕ್ಕೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಜನರೇಟರ್‌ಗೆ ಸರಿಯಾದ ಅರ್ಥಿಂಗ್. ಈ ಮೂರನ್ನ ಎಲೆಕ್ಟ್ರಿಷಿಯನ್ ಹತ್ರ ಮಾಡಿಸಿ, ನೀವೇ ಕೈ ಹಾಕಬೇಡಿ. ನಾಟಕಕ್ಕೆ ಮುಂಚೆ ಟೆಸ್ಟರ್ ತುದಿಯನ್ನ ಮೈಕಿನ ಮೈಗೆ ಮುಟ್ಟಿಸಿದಾಗ ದೀಪ ಹತ್ತಿತು ಅಂದ್ರೆ, ಅವರು ಬಂದು ನೋಡೋವರೆಗೂ ಯಾರೂ ಮೈಕ್ ಮುಟ್ಟೋ ಹಾಗಿಲ್ಲ.

ಕಾನೂನಿನ ಒಂದು ಮಾತೂ ಇದೆ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಸೋ ಹಾಗಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು. ಹಾಗಾಗಿ ನಾಟಕ ಸಂಜೆಯೇ ಶುರು ಮಾಡೋ ಬಗ್ಗೆ ಊರವರ ಹತ್ರ ಮಾತಾಡಿ. ಕಂಬಕ್ಕೆ ಕಟ್ಟಿ ಆಚೆ ಊರಿಗೆ ಮುಖ ಮಾಡಿಸಿದ ಹಾರನ್ ಬೇಡ. ಕೂತಿರೋ ಜನರ ಕಡೆ ತಿರುಗಿಸಿದ ಎರಡು ಬಾಕ್ಸ್ ಸ್ಪೀಕರ್‌ಗೆ ಪದ್ಯದ ಅಕ್ಷರ ಅಕ್ಷರ ಕೇಳುತ್ತೆ.

ಪಾಡ್‌ಕಾಸ್ಟ್ ಶುರು ಮಾಡೋರು ಇವತ್ತೇ ಗೇನ್ ಇಟ್ಟು, ನಿಮ್ಮ ಜೋರು ನಗುವೂ ಸೇರೋ ಹಾಗೆ 30 ಸೆಕೆಂಡ್ ರೆಕಾರ್ಡ್ ಮಾಡಿ ನಂಗೆ ಕಳಿಸಿ, ಕೇಳಿ ಹೇಳ್ತೀನಿ. ವಾಯ್ಸ್ ನೋಟ್ ಮಾಡಿ ಕಳಿಸಬೇಡಿ, ವಾಟ್ಸಾಪ್ ಅದನ್ನ ಹಿಂಡಿ ಸಣ್ಣ ಮಾಡುತ್ತೆ. ಫೈಲನ್ನ ಡಾಕ್ಯುಮೆಂಟ್ ಆಗಿ ಹಾಕಿ.