ಸಂಕಷ್ಟದ ವರ್ಷದಲ್ಲಿ ಕಂಡ ಊರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ರಾಯಚೂರು ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆಯುತ್ತವೆ. ಎರಡೂ ಅಂಚುಗಳಲ್ಲಿ ಹೊಳೆ ಹರಿದರೂ ನಡುವಿನ ಎರೆಭೂಮಿಯ ಬಹುಭಾಗ ಶತಮಾನಗಳ ಕಾಲ ಮಳೆಯನ್ನೇ ನೆಚ್ಚಿಕೊಂಡು ಬದುಕಿದೆ, ಮಳೆ ಕೈಕೊಟ್ಟ ವರ್ಷಗಳಲ್ಲಿ ತನ್ನ ಮಕ್ಕಳನ್ನು ದೂರದ ಊರುಗಳಿಗೆ ಕಳುಹಿಸುತ್ತ ಬಂದಿದೆ. ಹೀಗೆ ಸುಗ್ಗಿ ಮುಗಿದ ಮೇಲೆ, ಕೆಲವೊಮ್ಮೆ ಕುಟುಂಬ ಸಮೇತರಾಗಿ, ಕೆಲವೊಮ್ಮೆ ಮುದುಕರನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ಮನೆಯಲ್ಲೇ ಬಿಟ್ಟು, ಕೂಲಿಯನ್ನರಸಿ ಹೊರಡುವುದಕ್ಕೆ ಈ ಭಾಗದಲ್ಲಿ ಗುಳೆ ಎನ್ನುತ್ತಾರೆ. ದೇವದುರ್ಗ, ಮಾನ್ವಿ, ಲಿಂಗಸುಗೂರು ಭಾಗದ ಹಳ್ಳಿಗಳಿಂದಲೂ, ಮೊದಲು ಮಾನ್ವಿ ತಾಲ್ಲೂಕಿಗೆ ಸೇರಿದ್ದು ಈಗ ಸಿರವಾರ ತಾಲ್ಲೂಕಿನಲ್ಲಿರುವ ಕವಿತಾಳದ ಆಸುಪಾಸಿನಿಂದಲೂ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದುಗಳ ಕಟ್ಟಡ ಕೆಲಸಗಳಿಗೆ ಜನ ಹೋಗುವುದು ಹೊಸದೇನಲ್ಲ. ಹೋಗುವ ದಾರಿಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಕಷ್ಟಕ್ಕೆ ಸಿಕ್ಕಿ ಮರಳುವ ದಾರಿಯ ಬಗ್ಗೆ, ಹಾಗೆ ಮರಳಿದವರ ಕಣ್ಣಿಗೆ ತಮ್ಮದೇ ಊರು ಹೇಗೆ ಕಾಣುತ್ತದೆ ಎಂಬುದರ ಬಗ್ಗೆ ನಡೆದ ಚರ್ಚೆ ಕಡಿಮೆ.

ಊರಿಗೆ ಮರಳುವುದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಹಬ್ಬದ ಮರಳಿಕೆ. ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಆಚರಿಸುವ ಮೊಹರಂ ಈ ಸೀಮೆಯ ದೊಡ್ಡ ಹಬ್ಬಗಳಲ್ಲೊಂದು. ಮೊಹರಂನಲ್ಲಿ ಬೆಂಕಿ ಹೊತ್ತಿಸುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಲು, ಯುಗಾದಿಗೆ, ಊರ ಜಾತ್ರೆಗೆ ದುಡಿಯಲು ಹೋದವರು ಬಂದು ನಾಲ್ಕು ದಿನವಿದ್ದು ಹೊರಡುತ್ತಾರೆ. ಆ ನಾಲ್ಕು ದಿನಗಳಲ್ಲಿ ಊರು ಸಿಂಗರಿಸಿಕೊಂಡಿರುತ್ತದೆ, ಬಂದವರು ಅತಿಥಿಗಳಾಗಿರುತ್ತಾರೆ. ಎರಡನೆಯದು ಸಂಕಷ್ಟದ ಮರಳಿಕೆ. ಕೆಲಸ ಕಳೆದುಕೊಂಡೋ, ಕಾಯಿಲೆ ಬಿದ್ದೋ, ಮನೆಯ ಹಿರಿಯರು ಹಾಸಿಗೆ ಹಿಡಿದುದರಿಂದಲೋ ಬಂದವರು ಮತ್ತೆ ಹೊರಡುವ ದಿನ ಗೊತ್ತಿಲ್ಲದೆ ಊರಲ್ಲಿ ಉಳಿಯುತ್ತಾರೆ. ಸಂತೆ, ನೀರಿನ ಪಾಳಿ, ಸಾಲದ ಲೆಕ್ಕ, ನೆರೆಮನೆಯ ಸಾವು ನೋವು ಎಲ್ಲದರಲ್ಲೂ ಪಾಲುದಾರರಾಗುತ್ತಾರೆ. ಮನುಷ್ಯನಿಗೂ ಸ್ಥಳಕ್ಕೂ ನಡುವೆ ಬೆಳೆಯುವ ಭಾವಬಂಧವನ್ನು ಕುರಿತು ಭೂಗೋಳಶಾಸ್ತ್ರಜ್ಞ ಯಿ-ಫು ತುಆನ್ 1974ರಲ್ಲಿ ಪ್ರಕಟಿಸಿದ ‘ಟೋಪೋಫಿಲಿಯಾ’ ಗ್ರಂಥವು, ಒಂದೇ ಸ್ಥಳವನ್ನು ಅಲ್ಲಿಯ ನಿವಾಸಿ ಕಾಣುವ ಬಗೆಗೂ ಬಂದುಹೋಗುವವನು ಕಾಣುವ ಬಗೆಗೂ ಇರುವ ಅಂತರವನ್ನು ವಿವರವಾಗಿ ಚರ್ಚಿಸುತ್ತದೆ. ಸಂಕಷ್ಟದ ವರ್ಷವು ಬಂದುಹೋಗುವವನನ್ನು ಪುನಃ ನಿವಾಸಿಯನ್ನಾಗಿ ಮಾಡುತ್ತದೆ, ಆದ್ದರಿಂದಲೇ ಆ ವರ್ಷದಲ್ಲಿ ಕಂಡ ಊರು ಹಬ್ಬದಲ್ಲಿ ಕಂಡ ಊರಿಗಿಂತ ಹೆಚ್ಚು ನಿಜವಾದುದು.

2020ರ ಅನುಭವ

ಇಡೀ ಸೀಮೆ ಒಮ್ಮೆಲೇ ಇಂತಹ ಮರಳಿಕೆಯನ್ನು ಕಂಡದ್ದು 2020ರಲ್ಲಿ. ಕೊರೊನಾ ಸೋಂಕನ್ನು ತಡೆಯಲು ಆ ವರ್ಷದ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ನಗರಗಳ ಕಟ್ಟಡ ಕೆಲಸಗಳು ನಿಂತುಹೋದವು, ಕೂಲಿಯ ಜೊತೆಗೆ ಕೆಲಸದ ಸ್ಥಳದಲ್ಲೇ ಇದ್ದ ತಗಡಿನ ಶೆಡ್ಡಿನ ಆಸರೆಯೂ ಅನೇಕರ ಕೈತಪ್ಪಿತು. ಕೆಲವರು ನಡೆದೇ ಹೊರಟರು, ಕೆಲವರು ಸರಕಿನ ಲಾರಿಗಳನ್ನು ಹತ್ತಿದರು. ಮೇ 1ರಿಂದ ಶ್ರಮಿಕ ವಿಶೇಷ ರೈಲುಗಳು ಆರಂಭವಾದ ಮೇಲೆ ದೇಶದ ಉದ್ದಗಲಕ್ಕೂ ಮರಳುವವರ ಸಂಖ್ಯೆ ಹೆಚ್ಚಿತು. ಹೊರರಾಜ್ಯಗಳಿಂದ ಬಂದವರು ಮೊದಲು ಕ್ವಾರಂಟೈನ್‌ನಲ್ಲಿ, ಎಂದರೆ ಸೋಂಕು ಹರಡದಂತೆ ಪ್ರತ್ಯೇಕವಾಗಿ, ಶಾಲೆ ಮತ್ತು ವಸತಿನಿಲಯಗಳಲ್ಲಿ ತಂಗಬೇಕಾಯಿತು. ಮರಳಿದವರಲ್ಲಿ ಊರು ಸೇರಿದ ನೆಮ್ಮದಿಯೂ, ಊರಿನವರಲ್ಲಿ ರೋಗದ ಭಯವೂ ಒಂದೇ ಕಾಲದಲ್ಲಿ ಇದ್ದವು.

ಆ ಬೇಸಿಗೆಯಲ್ಲಿ ಅನೇಕ ಮನೆಗಳಿಗೆ ಅನ್ನದ ದಾರಿಯಾದದ್ದು ಉದ್ಯೋಗ ಖಾತರಿ ಯೋಜನೆ. ಗ್ರಾಮೀಣ ಕುಟುಂಬವೊಂದಕ್ಕೆ ವರ್ಷಕ್ಕೆ 100 ದಿನಗಳ ಕೂಲಿಯನ್ನು ಕಾನೂನಿನ ಹಕ್ಕಾಗಿ ನೀಡಿದ ಈ ಯೋಜನೆ 2006ರಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲ ಹಂತವಾಗಿ ಆರಂಭವಾದಾಗ ರಾಯಚೂರು ಅವುಗಳಲ್ಲೊಂದಾಗಿತ್ತು. 2020ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ದಿನಗೂಲಿ 249 ರೂಪಾಯಿಗಳಿಂದ 275ಕ್ಕೆ ಏರಿತು, ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಯೋಜನೆಗೆ ಹೆಚ್ಚುವರಿಯಾಗಿ 40,000 ಕೋಟಿ ರೂಪಾಯಿಗಳನ್ನು ಘೋಷಿಸಿತು. ಈ ಯೋಜನೆಯ ಕೆಲಸಗಳೆಂದರೆ ಕೆರೆಯ ಹೂಳೆತ್ತುವುದು, ಹೊಲಗಳಿಗೆ ಬದು ಹಾಕುವುದು, ಕೃಷಿಹೊಂಡ ತೋಡುವುದು, ಕಾಲುವೆಯನ್ನು ಹಸನುಗೊಳಿಸುವುದು. ನಗರದಲ್ಲಿ ಪರರ ಕಟ್ಟಡಗಳಿಗೆ ಬುನಾದಿ ತೋಡಿದ ಕೈಗಳು ತಮ್ಮೂರಿನ ಮಣ್ಣನ್ನು ಅಗೆಯುವಾಗ, ಊರಿನ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಹೊಲವನ್ನು ತಲುಪುತ್ತದೆ, ಯಾರದನ್ನು ತಲುಪುವುದಿಲ್ಲ ಎಂಬ ಪ್ರಶ್ನೆಗಳು ಪಾಠದಷ್ಟು ಸ್ಪಷ್ಟವಾಗಿ ಎದುರಾಗುತ್ತವೆ.

ಆ ಪ್ರಶ್ನೆಗಳಿಗೆ ಉತ್ತರ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿದೆ. 1953ರಲ್ಲಿ ನೀರಾವರಿಗೆ ತೆರೆದುಕೊಂಡ ಅಣೆಕಟ್ಟೆಯಿಂದ ಹೊರಡುವ ಈ ಕಾಲುವೆ ಗಂಗಾವತಿ ಮತ್ತು ಸಿಂಧನೂರು ಭಾಗಗಳನ್ನು ದಾಟಿ ಮಾನ್ವಿ, ಸಿರವಾರ, ರಾಯಚೂರು ಕಡೆಗೆ ಬರುವುದರಿಂದ ಈ ಪ್ರದೇಶವನ್ನು ಕೊನೆಭಾಗ ಎನ್ನುತ್ತಾರೆ. ಮೇಲ್ಭಾಗದ ಭತ್ತದ ಗದ್ದೆಗಳು ತಣಿದ ಮೇಲೆ ಉಳಿದ ನೀರಷ್ಟೇ ಇಲ್ಲಿಗೆ ಬರುತ್ತದೆ. ಆರಂಭದಲ್ಲಿ ಸುಮಾರು 133 ಟಿಎಂಸಿ, ಅಂದರೆ ಶತಕೋಟಿ ಘನ ಅಡಿ ಇದ್ದ ಜಲಾಶಯದ ಸಂಗ್ರಹ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿರುವುದರಿಂದ ಕೊನೆಭಾಗದ ಕೊರತೆ ಇನ್ನಷ್ಟು ಬಿಗಿಯಾಗಿದೆ. ಒಂದೇ ಸೀಮೆಯೊಳಗೆ ಭತ್ತದ ಹಸಿರೂ ಗುಳೆಯೂ ಅಕ್ಕಪಕ್ಕದಲ್ಲಿರುವುದಕ್ಕೆ ನೀರಿನ ಈ ಹಂಚಿಕೆಯೇ ಒಂದು ಮುಖ್ಯ ಕಾರಣ.

ದಾಸರು ತೋರಿದ ದಾರಿ

ವೈಯಕ್ತಿಕ ಸಂಕಟದ ಕಾಲದಲ್ಲಿ ತನ್ನ ನೆಲವನ್ನು ಹೊಸದಾಗಿ ಕಂಡುಕೊಳ್ಳುವುದಕ್ಕೆ ಈ ಸೀಮೆಯಲ್ಲೇ 18ನೆಯ ಶತಮಾನದ ದೊಡ್ಡ ನಿದರ್ಶನವಿದೆ. ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿ ಮಾಧ್ವ ತತ್ತ್ವವನ್ನು ಜನರಿಗೆ ತಲುಪಿಸಿದ ಹರಿದಾಸರ ಪರಂಪರೆಯು ಆ ಶತಮಾನದಲ್ಲಿ ಬೇರು ಬಿಟ್ಟದ್ದು ಇಲ್ಲಿಯೇ: ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು, ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದವರು. ಬಡತನದಿಂದ ಊರು ಬಿಟ್ಟು ಕಾಶಿಯವರೆಗೂ ಅಲೆದ ವಿಜಯದಾಸರು ದಾಸರಾಗಿ ಮರಳಿದರೆಂದು ಸಂಪ್ರದಾಯ ಹೇಳುತ್ತದೆ.

ಜಗನ್ನಾಥದಾಸರ ಮೊದಲಿನ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತದಲ್ಲಿ ಪ್ರಕಾಂಡ ಪಾಂಡಿತ್ಯವಿದ್ದ ಅವರು ಕನ್ನಡದಲ್ಲಿ ಹಾಡುವ ದಾಸರನ್ನು ಹಗುರವಾಗಿ ಕಂಡರೆಂದೂ, ಅನಂತರ ತೀವ್ರವಾದ ಉದರಶೂಲೆಯಿಂದ ನರಳಿ, ಕೊನೆಗೆ ವಿಜಯದಾಸರಲ್ಲಿ ಕ್ಷಮೆ ಕೇಳಿ, ಅವರ ಸೂಚನೆಯಂತೆ ಗೋಪಾಲದಾಸರನ್ನು ಆಶ್ರಯಿಸಿದರೆಂದೂ, ಗೋಪಾಲದಾಸರು ಜೋಳದ ರೊಟ್ಟಿಯ ಮೂಲಕ ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದರೆಂದೂ ದಾಸಪರಂಪರೆ ನಂಬಿಕೊಂಡು ಬಂದಿದೆ. ಈ ಕಥನವನ್ನು ಪವಾಡವೆಂದು ನಂಬುವವರಿಗೂ ನಂಬದವರಿಗೂ ಅದರ ಫಲ ಎದುರಿಗಿದೆ. ಗುಣಮುಖರಾದ ಪಂಡಿತರು ಮಾನ್ವಿಯಲ್ಲಿ ನೆಲೆ ನಿಂತು, ಗಹನವಾದ ತತ್ತ್ವವನ್ನು ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’ದಲ್ಲಿ ಕನ್ನಡಕ್ಕೆ ಇಳಿಸಿದರು, ‘ತತ್ತ್ವಸುವ್ವಾಲಿ’ಯಲ್ಲಂತೂ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ತ್ರಿಪದಿಯನ್ನೇ ಆಯ್ದುಕೊಂಡರು. ಅವರನ್ನು ಉಳಿಸಿತೆನ್ನುವ ರೊಟ್ಟಿಯೂ ಅವರು ಒಪ್ಪಿಕೊಂಡ ಮಟ್ಟೂ ಮೊದಲಿನಿಂದಲೂ ಊರಿನಲ್ಲೇ ಇದ್ದವು. ಅವುಗಳ ಬೆಲೆ ತಿಳಿದದ್ದು ನೋವಿನ ನಂತರ.

ಮರಳಿಕೆಯನ್ನು ವೈಭವೀಕರಿಸುವುದು ಮಾತ್ರ ಸಲ್ಲದು. ಹೊಲವಿದ್ದವನಿಗೆ ಕಾಣುವ ಊರು ಬೇರೆ, ಹೊಲವಿಲ್ಲದವನಿಗೆ ಕಾಣುವ ಊರು ಬೇರೆ; ನಗರದ ಜನಸಂದಣಿಯಲ್ಲಿ ಜಾತಿಯ ಗುರುತಿನಿಂದ ತುಸು ಬಿಡುಗಡೆ ಪಡೆದ ದಲಿತ ಯುವಕನಿಗೆ ಊರು ಹಳೆಯ ಗೆರೆಗಳನ್ನೂ ಮರಳಿ ತೋರಿಸುತ್ತದೆ. ಲಾಕ್‌ಡೌನ್ ಸಡಿಲಗೊಂಡ ಮೇಲೆ ಅನೇಕರು ಮತ್ತೆ ಗುಳೆ ಹೋದದ್ದಕ್ಕೆ ಕಾರಣ ಊರಿನ ಮೇಲಿನ ಪ್ರೀತಿ ಬತ್ತಿದ್ದಲ್ಲ, ವರ್ಷವಿಡೀ ದುಡಿಮೆ ಸಿಗದಿದ್ದುದು. ಹುಟ್ಟೂರಿನ ಮೇಲಿನ ಅಭಿಮಾನ ಹೊಟ್ಟೆಯನ್ನು ತುಂಬಿಸಲಾರದು.

ಹಾಗಿದ್ದರೂ ಕಷ್ಟಕ್ಕೆ ಮರಳಿದವರನ್ನು ಸೋತು ಬಂದವರೆಂದು ಎಣಿಸುವ ರೂಢಿ ಹೋಗಬೇಕು. ಹೊರಗಿನ ಜಗತ್ತನ್ನೂ ಕಂಡು, ಊರಿನ ಕೊರತೆಯನ್ನೂ ಕಂಡ ಅವರು ಕವಿತಾಳದಂಥ ಪಟ್ಟಣಗಳಿಗೆ ದೊರೆಯಬಹುದಾದ ಅತ್ಯಂತ ಅರಿವುಳ್ಳ ಪ್ರಜೆಗಳು. ಗ್ರಾಮಸಭೆಯಲ್ಲಿ, ವಾರ್ಡಿನ ಸಭೆಯಲ್ಲಿ, ನೀರು ಬಳಕೆದಾರರ ಸಂಘದಲ್ಲಿ ಅವರ ಮಾತಿಗೆ ಜಾಗ ಸಿಗಬೇಕು. ರಾಯಚೂರನ್ನೂ ಒಳಗೊಂಡ, ಆಗ ಹೈದರಾಬಾದ್ ಕರ್ನಾಟಕ ಎನಿಸಿದ್ದ ಪ್ರದೇಶಕ್ಕೆ ಸಂವಿಧಾನದ 371(ಜೆ) ವಿಧಿಯ ಮೂಲಕ 2013ರಲ್ಲಿ ದೊರೆತ ವಿಶೇಷ ಸ್ಥಾನಮಾನದ ಸಾರ್ಥಕತೆಯನ್ನೂ ಇದೇ ಮಾನದಂಡದಿಂದ ಅಳೆಯಬೇಕು: ಕೊನೆಭಾಗದ ಹೊಲಕ್ಕೆ ನೀರು ತಲುಪಿತೇ, ಬೇಡಿದವರಿಗೆ ತಡವಿಲ್ಲದೆ ಕೆಲಸ ಸಿಕ್ಕಿತೇ, ಹತ್ತಿರದಲ್ಲೇ ಚಿಕಿತ್ಸೆ ದೊರೆಯಿತೇ ಎಂಬ ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದ ದಿನ, ಊರು ಬಿಡುವುದೂ ಊರಲ್ಲಿ ಉಳಿಯುವುದೂ ಇಲ್ಲಿಯ ಮಕ್ಕಳ ಸ್ವಂತ ಆಯ್ಕೆಯಾಗುತ್ತದೆ.