ಜಂತುಹುಳದ ಮಾತ್ರೆ ಶಾಲೆಗೆ ಬಂದ ದಾರಿ

ಜಂತುಹುಳು ನಿವಾರಣಾ ದಿನ ಬಂತೆಂದರೆ ಹಾಸನ ಜಿಲ್ಲೆಯ ಮೊಸಳೆ ಗ್ರಾಮದಿಂದ ಹೊಳೆನರಸೀಪುರ, ಅರಕಲಗೂಡಿನವರೆಗೆ ಶಾಲೆ ಅಂಗನವಾಡಿಗಳಲ್ಲೆಲ್ಲ ಮಕ್ಕಳ ಕೈಗೆ ಅಲ್ಬೆಂಡಜೋಲ್ ಮಾತ್ರೆ ಬರುತ್ತದೆ. 400 ಮಿಲಿಗ್ರಾಂ; ವರ್ಷ ತುಂಬಿ ಎರಡು ತುಂಬದ ಕೂಸಿಗೆ ಅರ್ಧ, ಪುಡಿ ಮಾಡಿ ನೀರಲ್ಲಿ ಕಲಸಿ. ಯಾರ ಹೊಟ್ಟೆಯಲ್ಲಿ ಹುಳುವಿದೆ ಎಂದು ಪರೀಕ್ಷೆ ಮಾಡದೆ ಎಲ್ಲರಿಗೂ ಕೊಡುವುದೇಕೆ ಎಂದು ತಾಯಂದಿರು ಅನುಮಾನಪಟ್ಟರೆ ತಪ್ಪಲ್ಲ. ಮಲಪರೀಕ್ಷೆಗೆ ಮಾತ್ರೆಗಿಂತ ಖರ್ಚು ಹೆಚ್ಚು, ಹುಳುವಿಲ್ಲದ ಮಗು ನುಂಗಿದರೂ ಅಪಾಯವಿಲ್ಲ. ಅದಕ್ಕೇ ಈ ಪದ್ಧತಿ.

ಈ ಔಷಧ 1970ರ ದಶಕದಲ್ಲಿ ಮೊದಲು ತಯಾರಾದದ್ದು ಕುರಿ, ದನಗಳಿಗಾಗಿ. ಮನುಷ್ಯರ ಬಳಕೆಗೆ ಬಂದದ್ದು ಎಂಬತ್ತರ ದಶಕದಲ್ಲಿ. 2001ರಲ್ಲಿ ವಿಶ್ವ ಆರೋಗ್ಯ ಸಭೆ ಶಾಲಾಮಕ್ಕಳಿಗೆ ಸಾಮೂಹಿಕವಾಗಿ ಮಾತ್ರೆ ಕೊಡುವ ಗುರಿ ಇಟ್ಟಿತು. 2015ರ ಫೆಬ್ರುವರಿ 10ರಂದು ನಮ್ಮಲ್ಲಿ ಮೊದಲ ನಿವಾರಣಾ ದಿನ ನಡೆದಾಗ ಆಯ್ದ 11 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಕರ್ನಾಟಕವೂ ಇತ್ತು.

ಜಂತುಹುಳುಗಳಲ್ಲೊಂದಾದ ಕೊಕ್ಕೆಹುಳು ಒಳಹೊಗುವ ದಾರಿ ಗೊತ್ತಾದದ್ದು ಅದಕ್ಕೂ ಬಹಳ ಹಿಂದೆ, ಅದೂ ಆಕಸ್ಮಿಕವಾಗಿ. ಕೈರೋದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿಯ ಕೈಮೇಲೆ ಕೊಕ್ಕೆಹುಳುವಿನ ಮರಿಗಳಿದ್ದ ನೀರು ಚೆಲ್ಲಿತು. ಚರ್ಮ ಉರಿದು ಕೆಂಪಾಯಿತು. ಕೆಲವು ವಾರಗಳ ಮೇಲೆ ಅವರದೇ ಮಲದಲ್ಲಿ ಮೊಟ್ಟೆ ಕಂಡವು. ಚರ್ಮದಿಂದ ರಕ್ತಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಗಂಟಲಿಗೆ ಹತ್ತಿ ಮತ್ತೆ ಕರುಳಿಗಿಳಿಯುವ ಈ ಹುಳು ಕರುಳಿನ ಗೋಡೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಬಯಲಿಗೆ ಹೋದವರ ಮಲ ಬಿದ್ದ ಹಸಿ ಮಣ್ಣು, ಅದನ್ನು ತುಳಿಯುವ ಬರಿಗಾಲು, ಇಷ್ಟೇ ಅದಕ್ಕೆ ಸಾಕು. ಸದಾ ಸುಸ್ತು, ಬಿಳಿಚಿದ ಮುಖ, ಪಾಠಕ್ಕೆ ಹತ್ತದ ಮನಸ್ಸು: ಇಂಥ ಮಗುವನ್ನು ಸೋಮಾರಿ ಎಂದು ಬೈಯುವುದು ನನಗಂತೂ ಸಂಕಟದ ವಿಷಯ.

ಮಾತ್ರೆಯೇ ಇಲ್ಲದೆ ನಾವು ಸೋಲಿಸಿದ ಹುಳುವೂ ನಮ್ಮ ನಾಡಿನಲ್ಲಿತ್ತು. ವಿಜಯಪುರ, ರಾಯಚೂರು, ಕಲಬುರಗಿ ಸೀಮೆಯ ಹಿರಿಯರಿಗೆ ನಾರುಹುಣ್ಣು ಗೊತ್ತು. ಮೆಟ್ಟಿಲು ಬಾವಿಯ ನೀರು ಕುಡಿದ ಸುಮಾರು ವರ್ಷದ ಮೇಲೆ ಕಾಲಲ್ಲಿ ಬೊಬ್ಬೆಯೆದ್ದು, ಎರಡು ಮೂರು ಅಡಿ ಉದ್ದದ ದಾರದಂಥ ಹುಳು ಹೊರಬರುತ್ತಿತ್ತು. ತುಂಡಾಗದಂತೆ ದಿನಕ್ಕಿಷ್ಟು ಕಡ್ಡಿಗೆ ಸುತ್ತಿ ಎಳೆಯಬೇಕು. ಉರಿ ತಾಳದೆ ರೋಗಿ ಬಾವಿಗಿಳಿದರೆ ಮರಿಗಳು ನೀರಿಗೆ ಬೀಳುತ್ತಿದ್ದವು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ ಅವನ್ನು ನುಂಗಿ, ಆ ನೀರು ಕುಡಿದವರ ಹೊಟ್ಟೆ ಸೇರುತ್ತಿತ್ತು. ಎಂಬತ್ತರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ನೀರಿನ ಬೆನ್ನು ಹತ್ತಿತು. ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡಿದರು, ಬೋರ್‌ವೆಲ್ ಕೊರೆಸಿದರು, ಬಟ್ಟೆಯಲ್ಲಿ ನೀರು ಸೋಸಲು ಕಲಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂಬ ಪ್ರಮಾಣಪತ್ರ ಬಂತು.

ಜಂತುಹುಳು ಇರುವುದು ಬಾವಿಯಲ್ಲಲ್ಲ, ಮಣ್ಣಿನಲ್ಲಿ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆಯಿಡಬಲ್ಲದು, ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಮಾತ್ರೆ ಸಾಯಿಸುವುದು ಇವತ್ತು ಹೊಟ್ಟೆಯಲ್ಲಿರುವ ಹುಳುವನ್ನು ಮಾತ್ರ. ಮೊಟ್ಟೆ ಮಣ್ಣಿಗೆ ಸೇರದಂತೆ ತಡೆಯುವುದು ಶೌಚಾಲಯ. ಬಾಯಿಗೆ ಸೇರದಂತೆ ತಡೆಯುವುದು ಸೋಪು, ತೊಳೆದ ಸೊಪ್ಪು ತರಕಾರಿ. ಕೊಕ್ಕೆಹುಳುವಿಗೆ ಅಡ್ಡ ನಿಲ್ಲುವುದು ಕಾಲಿನ ಚಪ್ಪಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗುವ ಪೋಷಕರು ಮಾತ್ರೆ ಬಂತೇ ಎಂದು ಕೇಳುವಾಗ, ಶಾಲೆಯ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಬಿಸಿಯೂಟಕ್ಕೆ ಮೊದಲು ಮಕ್ಕಳ ಕೈಗೆ ಸೋಪು ಸಿಗುತ್ತಿದೆಯೇ ಎಂದೂ ದಯವಿಟ್ಟು ಕೇಳಲಿ.