ಹೇಮಗಿರಿ ಕಟ್ಟೆಯಲ್ಲಿ ಕೇಳಿದ ಆಸ್ಪತ್ರೆ ಶಾಲೆಯ ಕಥೆ

ಮಳೆಗಾಲದಲ್ಲಿ ಹೇಮಗಿರಿಯ ಅಣೆಕಟ್ಟೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಕೆ.ಆರ್. ಪೇಟೆ ತಾಲ್ಲೂಕಿನ ಬಂಡಿಹೊಳೆ ಮಗ್ಗುಲಲ್ಲಿ ಹೇಮಾವತಿ ಕಲ್ಲುಕಟ್ಟೆಯ ಉದ್ದಕ್ಕೂ ಬೆಳ್ಳಗೆ ಧುಮುಕುತ್ತದೆ. ನಾನು ಹೋದದ್ದು ಭಾನುವಾರ. ಸೆಲ್ಫಿಗೆ ನಿಂತ ಹುಡುಗರಿಗೆ ಕಾಲಡಿಯ ಬಂಡೆ ಪಾಚಿಗಟ್ಟಿದೆಯೆಂಬ ಪರಿವೆಯೇ ಇರಲಿಲ್ಲ.

ಬೆಟ್ಟದ ಮೇಲಿರುವವನು ಕಲ್ಯಾಣ ವೆಂಕಟರಮಣಸ್ವಾಮಿ. ರಥಸಪ್ತಮಿಗೆ ತೇರು, ಆ ಸುಮಾರಿನಲ್ಲೇ ದನಗಳ ಜಾತ್ರೆ. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ ಸುಮಾರು 245 ಕಿ.ಮೀ. ಹರಿದು ಕನ್ನಂಬಾಡಿ ಹಿನ್ನೀರು ಸೇರುವ ಈ ಹೊಳೆಗೆ 1979ರಲ್ಲಿ ಗೊರೂರಿನ ದೊಡ್ಡ ಅಣೆಕಟ್ಟು ಬಂತು. ಇಲ್ಲಿನ ಕಟ್ಟೆ ಅದಕ್ಕಿಂತ ಎಷ್ಟೋ ಹಳೆಯದು. ಬಂಡಿಹೊಳೆಯ ಅರ್ಚಕ ರಂಗಸ್ವಾಮಿಯವರು 1933ರಲ್ಲೇ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಹೊರತಂದು ಜನಪದ ಸಂಗ್ರಹಕ್ಕೆ ದಾರಿ ತೋರಿದವರು. ಈ ಕಡೆಯ ಜನಕ್ಕೆ ಮಾತು ಹೇಳಿಕೊಡಬೇಕಾಗಿಲ್ಲ ಅನ್ನುವುದು ನಾಲೆಯ ತೂಬಿನ ಬಳಿ ಗೊತ್ತಾಯಿತು.

ಅಲ್ಲಿ ಸಿಕ್ಕವರು ವಯಸ್ಸಾದ ನೀರುಗಂಟಿ. ನಾಲೆಗೆ ಎಷ್ಟು ದಿನ ನೀರು ಬಿಡುತ್ತಾರೆ ಅಂತ ಕೇಳಿದೆ. “ನೀರಿನ ಕತೆ ಬುಡಿ ಸಾ, ವರ್ಸಾವರ್ಸ ಇದ್ದದ್ದೇ. ನಮ್ ಮೊಮ್ಮಗಳ ಇಸ್ಕೂಲ್ ಕತೆ ಕೇಳಿ” ಅಂದವರು ಬೀಡಿ ಹಚ್ಚಿ ಕುಳಿತೇಬಿಟ್ಟರು.

ಹುಡುಗಿ ಮೂರನೇ ಕ್ಲಾಸಿನಲ್ಲಿದ್ದಾಗ ಜ್ವರ ಹಿಡಿಯಿತು, ಬಿಡಲಿಲ್ಲ. ಪೇಟೆ ಆಸ್ಪತ್ರೆ, ಮಂಡ್ಯ, ಕಡೆಗೆ ಬೆಂಗಳೂರಿನ ಕಿದ್ವಾಯಿ. ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ಬಗೆಯ ಕಾಯಿಲೆಗೆ ಎರಡು, ಎರಡೂವರೆ ವರ್ಷ ಚಿಕಿತ್ಸೆ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಆಸ್ಪತ್ರೆಯೇ ಮನೆ.

“ಅಲ್ಲೂ ಟೀಚರ್‌ಗೋಳು ಅವ್ರೆ ಸಾ! ಬಲಗೈಗೆ ಸೂಜಿ ಚುಚ್ಚಿದ್ರು, ಎಡಗೈಲಿ ಅಂಕಿ ಬರೀತಾ ಕುಂತಿದ್ಲು.” ಪಕ್ಕದ ಹಾಸಿಗೆಯಲ್ಲಿ ಅನಂತಪುರದ ಹುಡುಗಿ, ಇವಳು ಅವಳಿಗೆ ಮಗ್ಗಿ ಹೇಳಿಕೊಟ್ಟು ತಾನು ತೆಲುಗು ಕಲಿತು ಬಂದಿದ್ದಾಳೆ. ಈಗ ಅಜ್ಜನನ್ನು ಬೈಯುವುದೂ ತೆಲುಗಿನಲ್ಲೇ ಅಂತೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

1973ರಲ್ಲಿ ಶುರುವಾದ ಕಿದ್ವಾಯಿಯಲ್ಲಿ ಚಿಕಿತ್ಸೆಗೆ ಬಂದ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು 2009ರಿಂದ ಕೈಗೆತ್ತಿಕೊಂಡದ್ದು ‘ಸಮೀಕ್ಷಾ’ ಎಂಬ ಸ್ವಯಂಸೇವಾ ಸಂಸ್ಥೆ. ಗುಣವಾದ ಮೇಲೆ ಮಗು ತನ್ನ ಕ್ಲಾಸಿಗೆ ವಾಪಸಾಗಲಿ ಎಂಬುದು ಉದ್ದೇಶ. ಆದರೆ ನೀರುಗಂಟಿಯವರ ತಕರಾರು ಬೇರೆ. “ಆಸ್ಪತ್ರೇಲಿದ್ದಾಗ ಇಸ್ಕೂಲಿತ್ತು. ಊರಿಗ್ ಬಂದ್ಮೇಲೆ ಇಲ್ಲ. ಇದ್ಯಾವ ನ್ಯಾಯ ಸಾ?”

ಔಷಧಿಯ ಹೊಡೆತಕ್ಕೆ ಬಿಳಿ ರಕ್ತಕಣ ಇಳಿದಿರುತ್ತವೆ. ನೆಗಡಿಯಾದ ಮಕ್ಕಳ ನಡುವೆ ಕೂರಿಸಬೇಡಿ ಅನ್ನುತ್ತಾರೆ ಡಾಕ್ಟರು. ಅಂಥವರಿಗೆ ಮನೆಗೇ ಶಿಕ್ಷಕರು ಬರಬಾರದೇ? ಬರುವ ವ್ಯವಸ್ಥೆ ಉಂಟು, ಗೃಹಾಧಾರಿತ ಶಿಕ್ಷಣ ಅಂತ. ಅದು ತೀವ್ರ ಅಂಗವೈಕಲ್ಯವಿರುವ ಮಕ್ಕಳಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಥಲಸ್ಸೇಮಿಯಾ ಇದೆ, ಹಿಮೋಫಿಲಿಯಾ ಇದೆ, ಸಿಕಲ್ ಸೆಲ್ ಇದೆ. ಕ್ಯಾನ್ಸರ್ ಇಲ್ಲ. ಕಡತದ ಮಟ್ಟಿಗೆ ಈ ಹುಡುಗಿ ಬರೀ ‘ಗೈರುಹಾಜರಿ’. ತಾಲ್ಲೂಕಿನಲ್ಲಿ ಇಂಥ ಮಕ್ಕಳು ಬೆರಳೆಣಿಕೆಯಷ್ಟೇ ಇದ್ದಾರು. ವಾರಕ್ಕೆರಡು ದಿನ ಒಬ್ಬ ಮೇಷ್ಟರನ್ನು ಮನೆಗೆ ಕಳಿಸಲು ಇಲಾಖೆಗೆ ಕೇಂದ್ರದ ಕಾಯ್ದೆ ತಿದ್ದುಪಡಿಯೇ ಆಗಬೇಕೆಂದೇನೂ ನನಗನ್ನಿಸಲಿಲ್ಲ.

ಈಗ ಹುಡುಗಿ ಚೇತರಿಸಿಕೊಂಡಿದ್ದಾಳೆ, ಕೂದಲು ಮತ್ತೆ ಬಂದಿದೆ. ಜೊತೆಯವರು ಐದನೇ ಕ್ಲಾಸಿನಲ್ಲಿದ್ದಾರೆ. ಇವಳನ್ನು ನಾಲ್ಕರಲ್ಲಿ ಕೂರಿಸೋಣ ಅನ್ನುತ್ತಾರಂತೆ ಶಾಲೆಯವರು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ತಪ್ಪಿದ ಪಾಠಕ್ಕೆ ವಿಶೇಷ ತರಬೇತಿ ಕೊಡಿ ಎಂದಿದೆ ಅಂದೆ. “ಅದ್ನೇ ಒಂದ್ ಚೀಟೀಲಿ ಬರ್ಕೊಡಿ, ಹೆಡ್‌ಮೇಷ್ಟ್ರಿಗೆ ತೋರುಸ್ತೀನಿ” ಅಂದರು. ಶಿಕ್ಷಣ ಹಕ್ಕು ಕಾಯ್ದೆ 2009, ಸೆಕ್ಷನ್ 4 ಎಂದು ಬರೆದು ಓದಿ ಹೇಳಿದೆ.

“ನಾಕಾ? ನಾಕು ಬ್ಯಾಡ ಸಾ, ಐದು ಅಂತ ಬರೀರಿ.”